ಬಾಯವ್ವನ ಕೈಗುಣ

ಕಟಕೋಳದ ಕುರಿಗಾರರ ಓಣಿಯಲ್ಲಿ ಇವತ್ತು ಯಾರ ಮನೆಯ ಮರಿ ಸೊರಗಿದರೂ ಮೊದಲು ಕೇಳಿಬರುವುದು ಬಾಯವ್ವನ ಹೆಸರು. "ಒಮ್ಮಿ ಬಾಯವ್ವನ ಕೈಯಾಗ ಕೊಟ್ಟ ನೋಡ್ರಿ" ಎಂದು ಮಂದಿ ಹೇಳುತ್ತಾರೆ. ಆಕೆಯ ದಡ್ಡಿಯಲ್ಲಿ ಬೆಳೆದ ಟಗರುಮರಿ ಸಂತೆಗೆ ಬಂದರೆ ಕೊಳ್ಳುವವರು ಬೆನ್ನು ಹಿಸುಕಿ ನೋಡುವ ಗೋಜಿಗೂ ಹೋಗುವುದಿಲ್ಲ. ಕೈಗುಣ ಅಂದರೆ ಅದು, ಅನ್ನುತ್ತಾರೆ. ಬಾಯವ್ವ ಎಲೆ ಅಡಿಕೆ ಜಗಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ, ಅಲ್ಲ ಅನ್ನುವುದಿಲ್ಲ. ಈ ಹೊಗಳಿಕೆಯಲ್ಲಿ ಒಂದು ಚೂರೂ ಆಕೆಗೆ ಸೇರಿದ್ದಲ್ಲ. ಸೇರಬೇಕಾದವಳು, ಆಕೆಯ ಸೊಸೆ, ಉಗರಗೋಳದ ತವರುಮನೆಯ ಕಟ್ಟೆಯ ಮೇಲೆ ಗುಡ್ಡದ ದೇವಿಯ ದರ್ಶನಕ್ಕೆ ಹೋಗುವ ಭಕ್ತರಿಗಾಗಿ ಅರಿಸಿನ ಭಂಡಾರದ ಪೊಟ್ಟಣ ಕಟ್ಟುತ್ತ ಕೂತಿದ್ದಾಳೆ. ಅದು ಹೇಗಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುವುದೇ ಒಳ್ಳೆಯದು.

ಬಾಯವ್ವ ಬೈಲಹೊಂಗಲದ ಕಡೆಯವಳು. ಲಕ್ಷ್ಮಣನ ಹೆಂಡತಿಯಾಗಿ ಈ ಓಣಿಗೆ ಬಂದಾಗ ಅತ್ತೆ ಬೀರವ್ವ ಆಕೆಯನ್ನು ಒಂದು ಮಳೆಗಾಲವೆಲ್ಲ ಮನೆಯೊಳಗೆ ಮಲಗಿಸಿಕೊಳ್ಳಲಿಲ್ಲ. ಗಂಡಸರು ದೊಡ್ಡ ಕುರಿಗಳನ್ನು ಹೊಡೆದುಕೊಂಡು ಊರೂರು ತಿರುಗುವಾಗ ಎಳೆಮರಿಗಳು ಹಿತ್ತಲಿನ ಮುಳ್ಳುಬೇಲಿಯ ದಡ್ಡಿಯಲ್ಲಿ ಉಳಿಯುತ್ತವೆ. ಅವುಗಳ ನಡುವೆಯೇ ಹೊಸ ಸೊಸೆಯ ಹಾಸಿಗೆ. ಮರಿ ಸತ್ತ ದಿನ ಆಕೆಗೆ ರೊಟ್ಟಿಯಿಲ್ಲ. ಸತ್ತ ಮರಿಯನ್ನು ಹೂಳಿ ಬಂದು ಕೈ ತೊಳೆದುಕೊಂಡರೆ, "ನೀರು ಯಾಕ ಹಾಳ ಮಾಡತಿ, ಆ ಕೈ ತೊಳದರ ಹೋಗೂದಲ್ಲ" ಎಂದು ಬೀರವ್ವ ಒಳಗಿನಿಂದಲೇ ಅನ್ನುತ್ತಿದ್ದಳು. ಅತ್ತೆಯಿಂದ ಬಾಯವ್ವ ಕಲಿತದ್ದು ಎರಡು ವಿದ್ಯೆ. ಒಂದು ಮರಿಗಳನ್ನು ಬದುಕಿಸುವುದು, ಇನ್ನೊಂದು ಸೊಸೆಯನ್ನು ಬದುಕಗೊಡದಿರುವುದು. ಮೊದಲನೆಯದು ಸುಮಾರಾಗಿ ಬಂತು. ಎರಡನೆಯದರಲ್ಲಿ ಗುರುವನ್ನೇ ಮೀರಿಸಿದಳು.

ಮಗ ಸುನೀಲನಿಗೆ ಉಗರಗೋಳದ ಮುತ್ತಪ್ಪನ ಮಗಳು ಮಹಾನಂದಾಳನ್ನು ತಂದುಕೊಂಡರು. ಮುತ್ತಪ್ಪನಿಗೆ ಒಂದು ತುಂಡು ಹೊಲ, ಗುಡ್ಡದ ಹುಣ್ಣಿಮೆ ಜಾತ್ರೆಗಳಲ್ಲಿ ಒಂದು ಸಣ್ಣ ಅಂಗಡಿ. ಅವನ ಹೊಲದ ಬದುವಿನಲ್ಲಿ ಸುಬಾಬುಲ್ ಗಿಡಗಳಿದ್ದವು. ಮಹಾನಂದಾ ಬರುವಾಗ ಅದರ ಬೀಜ ತಂದು ಇಲ್ಲಿಯ ಹಿತ್ತಲಿನಲ್ಲೂ ಹೊಲದ ಬದುವಿನಲ್ಲೂ ಊರಿದಳು. ಎರಡು ಮಳೆ ಕಳೆಯುವುದರೊಳಗೆ ಗಿಡಗಳು ಆಳೆತ್ತರ ಬೆಳೆದವು. ಮರಿಗಳು ಹಗಲೆಲ್ಲ ಬೀಳುಹೊಲದಲ್ಲಿ ಮೇಯ್ದು ಬಂದ ಮೇಲೆ ಆಕೆ ಒಂದೊಂದು ಹಿಡಿ ಸುಬಾಬುಲ್ ತಪ್ಪಲು, ಅಂದರೆ ಹಸಿ ಎಲೆ, ಕತ್ತರಿಸಿ ಹಾಕುವಳು. ಕಾಯ್ದುಕೊಂಡು ನಿಲ್ಲುತ್ತಿದ್ದ ಮರಿಗಳು ಆಕೆಯ ಸೀರೆಯ ಸೆರಗನ್ನೂ ಬಿಡದೆ ಎಳೆಯುವವು. ಅಲ್ಲಿಯವರೆಗೆ ಬೇಸಿಗೆಯಲ್ಲಿ ಎಲುಬು ಬಿಟ್ಟುಕೊಂಡು ನಿಲ್ಲುತ್ತಿದ್ದ ಈ ಮನೆಯ ಮರಿಗಳು ಆ ವರ್ಷ ದುಂಡಗಾದವು.

ಬಾಯವ್ವನಿಗೆ ಸಂತೋಷವಾಯಿತೇ? ಆಗಲಿಲ್ಲ, ಹೊಟ್ಟೆ ಉರಿಯಿತು. ತಾನು ಹಸಿದು, ಬೈಸಿಕೊಂಡು, ಕುರಿಹಿಕ್ಕೆಯಲ್ಲಿ ಮಲಗಿ ಕಲಿತ ಕೆಲಸವನ್ನು ಈ ಹುಡುಗಿ ನಗುನಗುತ್ತ ಒಂದು ಕುಡುಗೋಲಿನಲ್ಲಿ ಮಾಡಿ ಮುಗಿಸುತ್ತಿದ್ದಳು. ಮಗಳು ರಾಣಿ ಬೇರೆ, ಹೊತ್ತು ಮುಳುಗುವ ಹೊತ್ತಿಗೆ "ವೈನಿ, ನಾನೂ ಹಾಕತೇನಿ" ಎಂದು ಅವಳ ಬೆನ್ನು ಹತ್ತುವಳು. ಬಾಯವ್ವ ಹೊಸ್ತಿಲಲ್ಲಿ ಕೂತು ನೋಡುತ್ತ ಹಲ್ಲು ಕಡಿಯುವಳು.

ಹೀಗಿರುವಾಗ ರಾಣಿಗೆ ತೊರಗಲ್ಲಿನ ಸಂಬಂಧ ಗಟ್ಟಿಯಾಯಿತು. ಇವರದು ಉಣ್ಣೆಕಂಕಣದ ಮನೆತನ. ಮದುವೆಯಲ್ಲಿ ಗಂಡುಹೆಣ್ಣಿನ ಕೈಗೆ ಅರಿಸಿನದ ನೂಲಲ್ಲ, ಉಣ್ಣೆಯ ಎಳೆ ಕಟ್ಟುತ್ತಾರೆ. ಹುಡುಗನ ತಾಯಿ ಕೃಷ್ಣವ್ವ ಹಳೆಯ ಕಟ್ಟುಕಟ್ಟಳೆಯ ಹೆಂಗಸು. ನಿಶ್ಚಯದ ಸಕ್ಕರೆ ಹಂಚಿದ ದಿನವೇ ಸ್ಪಷ್ಟವಾಗಿ ಹೇಳಿದಳು. "ಕಂಕಣದ ಉಣ್ಣಿ ಹುಡಗಿ ಮನಿ ಹಿಂಡಿಂದs ಇರಬೇಕ್ರಿ. ಅಚ್ಚ ಕರೀ ಮರೀದು. ಒಂದ ಬಿಳಿ ಕೂದಲ ಕಂಡ್ರೂ ನಡ್ಯಂಗಿಲ್ಲ. ಕೊಂಡು ತಂದದ್ದಂತೂ ಮೊದಲs ಬ್ಯಾಡ."

ಆ ವರ್ಷದ ಮರಿಗಳಲ್ಲಿ ಅಚ್ಚ ಕಪ್ಪು ಎನ್ನುವಂಥವು ಎರಡೇ ಇದ್ದವು. ಅದರಲ್ಲಿ ಚೆಂದದ್ದನ್ನು ಬಾಯವ್ವ ಆರಿಸಿದಳು. ಆರಿಸಿ ಸೊಸೆಗೆ ಅಪ್ಪಣೆ ಮಾಡಿದಳು. "ಇದನ್ನ ಮೇಯಾಕ ಬಿಡಬ್ಯಾಡ. ಮುಳ್ಳಿಗೆ ಸಿಕ್ಕು ಉಣ್ಣಿ ಹರೀತೈತಿ. ಇಲ್ಲೇ ಗೂಟಕ್ಕ ಕಟ್ಟು. ನಿನ್ನ ತಪ್ಪಲ ಭಾಳ ಚಲೋ ಅಂತೀಯಲ್ಲ, ಬರೇ ಅದನ್ನs ಹಾಕು. ಹೊಟ್ಟಿ ತುಂಬ ಹಾಕು."

"ಅತ್ತಿ, ಬರೇ ತಪ್ಪಲ ಹಾಕಬಾರದರಿ. ನಮ್ಮಪ್ಪ ಮೇದು ಬಂದ ಮ್ಯಾಲೆ ಒಂದೀಟs ಹಾಕಂತಾನ."

"ನಿಮ್ಮಪ್ಪನ ಮನಿ ಅಲ್ಲ ಇದು."

ಅಷ್ಟಕ್ಕೆ ಮಾತು ಮುಗಿಯಿತು. ಮರಿಯನ್ನು ಗೂಟಕ್ಕೆ ಕಟ್ಟಿದರು. ಹಗಲೂ ತಪ್ಪಲು, ಬೈಗೂ ತಪ್ಪಲು. ಮಹಾನಂದಾ ಹುಲ್ಲು ಬೆರೆಸಲು ನೋಡಿದರೆ ಬಾಯವ್ವ ಬಂದು ಅದನ್ನು ಕಾಲಿನಿಂದ ಬದಿಗೆ ಸರಿಸುವಳು. ರಾಣಿಯ ಮದುವೆಯ ಮರಿಗೆ ಒಣಹುಲ್ಲೇ? ನೋಡಿದವರು ಏನಂದಾರು? ಮರಿ ಮೊದಮೊದಲು ಚೆನ್ನಾಗಿಯೇ ತಿಂದಿತು. ಆಮೇಲೆ ಬಾಯಿಂದ ಜೊಲ್ಲು ಸುರಿಸತೊಡಗಿತು. ಒಂದು ಬೆಳಿಗ್ಗೆ ಮಹಾನಂದಾ ಅದರ ಬೆನ್ನು ಸವರಿದಾಗ ಬೆರಳ ಸಂದಿಯಲ್ಲಿ ಉಣ್ಣೆ ಉಳಿಯಿತು. ಆಕೆ ಹೆದರಿ ಅತ್ತೆಯನ್ನು ಕೂಗಿದಳು.

ಬಾಯವ್ವ ಬಂದು ನೋಡಿದಳು. ಕೊರಳ ಹತ್ತಿರ, ಪಕ್ಕೆಯ ಮೇಲೆ, ಹಿಡಿದಲ್ಲೆಲ್ಲ ಉಣ್ಣೆ ಕಿತ್ತು ಬರುತ್ತಿತ್ತು, ಕೆಳಗಿನ ಚರ್ಮ ಬೋಳಾಗಿ ಕೆಂಪಗೆ ಕಾಣುತ್ತಿತ್ತು. ಕಂಕಣದ ಮರಿಯ ಉಣ್ಣೆ ಉದುರಿತು ಎಂಬ ಸುದ್ದಿ ತೊರಗಲ್ಲಿಗೆ ಮುಟ್ಟಿದರೆ ಕೃಷ್ಣವ್ವ ಈ ಮನೆಯ ಹೆಣ್ಣನ್ನು ಖಂಡಿತ ಒಯ್ಯುವುದಿಲ್ಲ. ಒಂದು ಕಡೆ ಮುರಿದ ಸಂಬಂಧ, ಆಮೇಲೆ ಯಾರು ಬರುತ್ತಾರೆ? ರಾಣಿ ಮನೆಯಲ್ಲೇ ಕೂರಬೇಕು. ಸುದ್ದಿಯನ್ನು ಮುಚ್ಚಿಡುವಂತಿಲ್ಲ, ಓಣಿಯ ಹೆಂಗಸರು ದಿನಾ ದಡ್ಡಿಯ ಮುಂದೆಯೇ ನೀರಿಗೆ ಹೋಗುತ್ತಾರೆ. ಮುಚ್ಚಿಡಲಾಗದ್ದನ್ನು ಇನ್ನೊಬ್ಬರ ತಲೆಗೆ ಕಟ್ಟಬಹುದಲ್ಲ. ಇನ್ನೊಬ್ಬಳು ಎದುರಿಗೇ ನಿಂತಿದ್ದಳು, ಬೆರಳಿಗೆ ಉಣ್ಣೆ ಅಂಟಿಸಿಕೊಂಡು.

ಬೀರದೇವರ ಗುಡಿಯ ಕಟ್ಟೆಗೆ ಬಾಯವ್ವ ಒಂದು ಕೈಯಲ್ಲಿ ಮರಿಯನ್ನೂ ಇನ್ನೊಂದರಲ್ಲಿ ಸೊಸೆಯನ್ನೂ ಎಳೆದುಕೊಂಡು ಹೋದಳು. ಹಿರಿಯರು ಕೂತಿದ್ದರು. ಹೆಂಗಸರು ಕೊಡ ಇಳಿಸಿ ನಿಂತರು.

"ಈಕಿ ಕೈ ನೋಡ್ರಿ. ಎಲ್ಲಾ ಮರಿ ಚಲೋ ಅದಾವು, ಅವನ್ನ ನೋಡಕೊಳ್ಳಾಕಿ ನಾ. ಈಕಿ ಕೈಲೆ ತಿಂದದ್ದು ಇದೊಂದs. ಇದರ ಗತಿ ನೋಡ್ರಿ" ಎಂದು ಹಸೀ ಸುಳ್ಳು ಹೇಳಿದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಹಿಡಿ. ಮಂದಿ ಮುಂದ ಹಿಡದ ಎಳಿ" ಅಂದಳು.

"ಅತ್ತಿ, ಬ್ಯಾಡ್ರಿ."

"ಎಳೀತೀಯೋ ಇಲ್ಲೋ?"

ಮಹಾನಂದಾ ಕೈ ಚಾಚಿ ಮರಿಯ ಬೆನ್ನು ಮುಟ್ಟಿದಳು. ಬಾಯವ್ವ ಆ ಕೈಯ ಮೇಲೆ ತನ್ನ ಕೈಯಿಟ್ಟು ಮುಷ್ಟಿ ಬಿಗಿದು ಎಳೆದಳು. ಹಿಡಿ ತುಂಬ ಕರಿಯ ಉಣ್ಣೆ ಬಂತು. ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. ಒಬ್ಬಳು ತನ್ನ ಕೂಸನ್ನು ಹಿಂದಕ್ಕೆ ಸರಿಸಿಕೊಂಡಳು.

"ನಾ ಬ್ಯಾಡ ಅಂದಿದ್ದೇನ್ರಿ" ಎಂದು ಮಹಾನಂದಾ ಅಳುತ್ತ ಹಿರಿಯರಿಗೆ ಹೇಳಿದಳು. "ಮೇಯಾಕ ಬಿಡೂಣು ಅಂದಿದ್ದೆ. ಅತ್ತೀನs ಕಟ್ಟ ಅಂದ್ರು, ಬರೇ ತಪ್ಪಲ ಹಾಕಂದ್ರು."

"ತಪ್ಪಲ ತಿಂದ್ರ ಉಣ್ಣಿ ಉದರತೈತೇನು? ಉಳಿದ ಮರಿ ತಿನ್ನೂದಿಲ್ಲೇನು ಅದನ್ನ?" ಎಂದು ಬಾಯವ್ವ ಕೂಗಿದಳು. ಉಳಿದ ಮರಿಗಳು ಅದೇ ತಪ್ಪಲು ತಿಂದು ಮಿರಿಮಿರಿ ಮಿಂಚುತ್ತಿರುವುದನ್ನು ಓಣಿಯೆಲ್ಲ ಕಂಡಿತ್ತು. ಅವುಗಳಿಗೆ ಅದು ಮೇವಿನ ಮೇಲಿನ ಒಂದು ಹಿಡಿ, ಈ ಪಾಪದ ಮರಿಗೆ ಅದೇ ಊಟ, ಅದೇ ನೀರು ಎಂಬುದನ್ನು ಯಾರೂ ಯೋಚಿಸಲಿಲ್ಲ. ಎಲೆಯನ್ನು ಅನುಮಾನಿಸುವುದಕ್ಕಿಂತ ಸೊಸೆಯನ್ನು ಅನುಮಾನಿಸುವುದು ಸುಲಭ. ಸುನೀಲ ಗುಂಪಿನ ಹಿಂದೆ ನಿಂತು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಅವನು ಬಾಯಿ ಬಿಟ್ಟಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಎತ್ತರದ ಆಳು, ಭರ್ಜರಿ ಮೀಸೆ, ಒಳಗೆ ಏನೂ ಇಲ್ಲ.

ಮರುದಿನ ಮಹಾನಂದಾಳನ್ನು ತವರಿಗೆ ಕಳಿಸಿದರು. ಮದುವೆಯ ಮನೆಯಲ್ಲಿ ಬೋಳುಮರಿ ಇರಬಾರದೆಂದು ಬಾಯವ್ವ ಅದರ ಹಗ್ಗವನ್ನೂ ಸೊಸೆಯ ಕೈಗೇ ಕೊಟ್ಟಳು. "ನಿನ್ನ ಜೋಡಿ ಇದು. ಎರಡೂ ಕೂಡೇ ಹೋಗ್ರಿ" ಅಂದಳು. ಬಸ್ಸಿನವನು ಮೈಯೆಲ್ಲ ಕೆಂಪಗಾದ ಆ ಪ್ರಾಣಿಯನ್ನು ಕಂಡು ಹತ್ತಿಸಿಕೊಳ್ಳಲಿಲ್ಲ. ಆಕೆ ಮರಿಯನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಸವದತ್ತಿಯ ದಾರಿ ಹಿಡಿದು ನಡೆದೇ ಹೋದಳು. ರಾಣಿ ಊರ ಹೊರಗಿನವರೆಗೂ ಹಿಂದೆ ಹಿಂದೆ ಹೋಗಿ, ಮನೆಗೆ ಬಂದು ತಾಯಿಯ ಕೈಯಲ್ಲಿ ಒದೆ ತಿಂದಳು.

ತೊರಗಲ್ಲಿಗೆ ಸುದ್ದಿ ಮುಟ್ಟಿತು, ಆದರೆ ಬಾಯವ್ವ ಬಯಸಿದ ರೂಪದಲ್ಲಿ ಮುಟ್ಟಿತು. ಸೊಸೆಯ ಕೈ ಕೆಟ್ಟದ್ದಿತ್ತಂತೆ, ಹುಡುಗಿಯ ತಾಯಿ ಗಟ್ಟಿಗಿತ್ತಿ, ಮನೆಯನ್ನು ಚೊಕ್ಕ ಮಾಡಿಕೊಂಡಳಂತೆ. ಕೃಷ್ಣವ್ವ ತಲೆದೂಗಿದಳು. ಎರಡನೆಯ ಕರಿಮರಿ ಇತ್ತಲ್ಲ, ಮದುವೆಗೆ ತೊಂದರೆಯಿಲ್ಲ ಎಂದುಕೊಂಡರು. ಆದರೆ ದೀಪಾವಳಿಯ ಆಚೆ ಒಂದು ಬೈಗಿನಲ್ಲಿ ತೋಳ ಹಿಂಡಿಗೆ ಬಿದ್ದು ಬೇರೆ ಯಾವುದನ್ನೂ ಮುಟ್ಟದೆ ಅದನ್ನೇ ಹೊತ್ತೊಯ್ದಿತು. ಲಕ್ಷ್ಮಣ ಬೆಳಕು ಹರಿದ ಮೇಲೆ ಹುಡುಕಿ ಒಂದು ಕಿವಿ ತಂದ. ಕಿವಿಯ ತುದಿಯಲ್ಲಿ ಈ ಮನೆಯ ಗುರುತಿನ ಕಚ್ಚು ಇತ್ತು.

ಆ ಕಚ್ಚನ್ನು ನೋಡಿದಾಗಲೇ ಬಾಯವ್ವನಿಗೆ ನೆನಪಾದದ್ದು. ಅಂಥದೇ ಕಚ್ಚಿನ ಇನ್ನೊಂದು ಕರಿಯ ಕಿವಿ ಉಗರಗೋಳದಲ್ಲಿದೆ. ಮರಿ ಬದುಕಿದ್ದರೆ, ಉಣ್ಣೆ ಬಂದಿದ್ದರೆ, ಅದು ಈ ಹಿಂಡಿನದೇ, ಕೊಂಡದ್ದಲ್ಲ. ಬೇರೆ ದಾರಿ ಇರಲಿಲ್ಲ. ರಾಣಿಯನ್ನು ಕರೆದುಕೊಂಡು ಬಸ್ಸು ಹತ್ತಿದಳು. ಮಗಳ ಮುಖ ನೋಡಿದರೆ ಅವರು ಕರಗುತ್ತಾರೆ ಎಂಬ ಲೆಕ್ಕ ಅದರಲ್ಲಿತ್ತು.

ಮುತ್ತಪ್ಪ ಒಳ್ಳೆಯ ಮನುಷ್ಯ, ಅದೇ ಅವನ ದೋಷ. ಬೀಗಿತ್ತಿಯನ್ನು ಕಂಡವನೇ ಮಗಳನ್ನು ಕರೆಯಲು ಬಂದಿದ್ದಾಳೆಂದು ತಿಳಿದು ಕಂಬಳಿ ಹಾಸಿದ, ಮಜ್ಜಿಗೆ ತರಿಸಿದ. ಬಾಯವ್ವ ಮಜ್ಜಿಗೆಯ ಚೆರಿಗೆ ಬಾಯಿಗಿಟ್ಟಾಗ ಹಿತ್ತಲಿನ ಕಡೆಯಿಂದ ಮಹಾನಂದಾ ಬಂದಳು. ಅವಳ ಹಿಂದೆ ಹಗ್ಗವಿಲ್ಲದೆ, ತಾನಾಗಿಯೇ, ಮರಿ ಬಂತು. ಅದು ಈಗ ಮರಿಯಲ್ಲ, ಎಳೆಯ ಟಗರು. ಮೈತುಂಬ ಉಣ್ಣೆ, ಬೆರಳು ಹಾಕಿದರೆ ಬೆರಳು ಮುಚ್ಚುವಷ್ಟು. ಕಾಡಿಗೆಯಂಥ ಕಪ್ಪು. ಹೊಲದಲ್ಲಿ ಮೇಯ್ದು ಬಂದು ಹೊಟ್ಟೆ ಉಬ್ಬಿತ್ತು. ಮಹಾನಂದಾಳ ಕೈಯಲ್ಲಿ ಸುಬಾಬುಲ್ ತಪ್ಪಲಿನ ಒಂದು ಸಣ್ಣ ಸಿವುಡು ಇತ್ತು, ಟಗರು ಅದನ್ನು ಕಿತ್ತು ಕಿತ್ತು ತಿನ್ನುತ್ತಿತ್ತು.

ಬಾಯವ್ವ ಚೆರಿಗೆ ಕೆಳಗಿಟ್ಟು ಎದ್ದು ನಿಂತಳು. ದಡ್ಡಳಲ್ಲ ಆಕೆ. ಅದೇ ಕೈ, ಅದೇ ತಪ್ಪಲು, ಅದೇ ಮರಿ. ಇಲ್ಲಿ ಇಲ್ಲದ್ದು ಒಂದೇ ಒಂದು. ಗೂಟಕ್ಕೆ ಕಟ್ಟು, ಬರೇ ತಪ್ಪಲು ಹಾಕು ಎಂದ ಬಾಯವ್ವನ ಬಾಯಿ ಇಲ್ಲಿರಲಿಲ್ಲ. ಆ ಕ್ಷಣದಲ್ಲಿ ಆಕೆಗೆ ಎಲ್ಲವೂ ತಿಳಿಯಿತು, ತಿಳಿದದ್ದು ಮುಖದ ಮೇಲೆ ಬಂತು, ಬಂದದ್ದನ್ನು ರಾಣಿ ಕಂಡಳು.

"ಕುಂದರ್ರಿ ಅತ್ತಿ, ಎದ್ದ್ಯಾಕ ನಿಂತ್ರಿ?" ಎಂದಳು ಮಹಾನಂದಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಬಾಯವ್ವನಿಗೆ ಮೈ ಉರಿಯಿತು. ಬಂದ ಕೆಲಸ ಹೇಳಿದಳು. ತೋಳದ ಕಥೆ, ಕೃಷ್ಣವ್ವನ ಮಾತು, ರಾಣಿಯ ಮದುವೆ, ಕಣ್ಣೀರು ಬೇರೆ.

ಮಹಾನಂದಾ ಟಗರಿನ ಕೊರಳು ತುರಿಸುತ್ತ ಕೇಳಿದಳು. "ಉಣ್ಣಿ ಒಯ್ಯಿರಿ. ರಾಣಿ ಮದುವಿ ನನಗೇನ ಬ್ಯಾರೆ ಅಲ್ಲ. ಒಂದ ಮಾತ ಹೇಳಿ ಒಯ್ಯಿರಿ. ಊರಾಗ ಬ್ಯಾಡ, ಗುಡಿ ಕಟ್ಟಿಮ್ಯಾಲೆ ಬ್ಯಾಡ. ಇಲ್ಲೇ, ನಮ್ಮಪ್ಪನ ಮುಂದ. ಮಹಾನಂದಾ, ತಪ್ಪ ನಿನ್ನ ಕೈದಲ್ಲ ಅನ್ರಿ."

ರಾಣಿ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಬಾಯವ್ವನ ತುಟಿ ಅಲುಗಿತು. ಬೀರವ್ವ ತನಗೆ ಯಾವತ್ತಾದರೂ ಹೀಗೊಂದು ಮಾತು ಹೇಳಿದ್ದಳೇ? ಆ ಮುದುಕಿ ಸಾಯುವಾಗ ನೀರು ಬಿಟ್ಟದ್ದು ಇದೇ ಬಾಯವ್ವನ ಕೈಯಲ್ಲವೇ, ಆಗಲಾದರೂ ಹೇಳಿದಳೇ? ತನಗೆ ಸಿಗದೆ ಹೋದದ್ದನ್ನು ಈ ಹುಡುಗಿಗೆ ಯಾಕೆ ಕೊಡಬೇಕು?

"ಮದುವಿ ಒಂದ ಮುಗೀಲಿ ಅಣ್ಣಾ" ಎಂದು ಮುತ್ತಪ್ಪನ ಕಡೆ ತಿರುಗಿ ಹೇಳಿದಳು. "ಸುನೀಲನ್ನ ಕಳಸತೇನಿ. ಬಂದು ಕರಕೊಂಡ ಹೋಗತಾನ."

ಮುತ್ತಪ್ಪನ ಕಣ್ಣು ತುಂಬಿ ಬಂತು. "ಆತ ಯಕ್ಕಾ, ಅಷ್ಟಾದ್ರ ಸಾಕು" ಅಂದ.

"ಯಪ್ಪಾ, ನಾ ಅದನ್ನ ಕೇಳಿಲ್ಲ" ಎಂದಳು ಮಹಾನಂದಾ.

"ಸುಮ್ನಿರವಾ. ಮನಿ ಕೂಡತೈತಿ, ಮಾತ ತುಗೊಂಡ ಏನ ಮಾಡತಿ?" ಎಂದು ಅವನೇ ಕತ್ತರಿ ತಂದ. ಮಹಾನಂದಾ ಟಗರನ್ನು ಹಿಡಿದುಕೊಂಡು ಕೂತಳು, ಅಪ್ಪ ಉಣ್ಣೆ ಕತ್ತರಿಸಿದ. ಬಾಯವ್ವ ಚೀಲದ ಬಾಯಿ ಅಗಲಿಸಿ ಹಿಡಿದಳು. ಒಂದು ಎಳೆಯೂ ಕೆಳಗೆ ಬೀಳದಂತೆ ಹಿಡಿದಳು.

ಮದುವೆ ಭರ್ಜರಿಯಾಯಿತು. ಕಂಕಣ ಕಟ್ಟುವ ಮೊದಲು ಕೃಷ್ಣವ್ವ ಉಣ್ಣೆಯ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಯಾರ ಕೈಯಾಗ ಬೆಳದ ಮರೀದ್ರಿ ಇದು? ಏನ ಉಣ್ಣಿ, ಏನ ಬಣ್ಣ!" ಎಂದು ಹಂದರದ ಎಲ್ಲರಿಗೂ ಕೇಳುವಂತೆ ಕೇಳಿದಳು.

"ನಂದs ಕೈರಿ" ಎಂದಳು ಬಾಯವ್ವ.

ಹಂದರದ ಕೊನೆಯ ಕಂಬಕ್ಕೆ ಆನಿಕೊಂಡು ಮುತ್ತಪ್ಪ ನಿಂತಿದ್ದ. ಕರೆಯದೆ ಬಂದಿದ್ದ, ಸುನೀಲ ಯಾವಾಗ ಬರುತ್ತಾನೆಂದು ಕೇಳಿಕೊಂಡು ಹೋಗಲು. ಆ ಮಾತು ಅವನ ಕಿವಿಗೂ ಬಿತ್ತು. ಊಟಕ್ಕೆ ಕೂರದೆ ಹೋದ. ಅವನು ಮತ್ತೊಮ್ಮೆ ಹೇಳಿ ಕಳಿಸಿದಾಗ ಬಾಯವ್ವ ಬಂದವನಿಗೆ, "ಮರಿಗೆ ಉಣ್ಣಿ ಬಂದಿರಬೇಕು, ಕೈ ಅದs ಕೈ ಐತಿ ಅಂತ ಹೇಳು" ಎಂದು ಉತ್ತರ ಕೊಟ್ಟಳು. ಮದುವೆ ಮುಗಿದಿತ್ತಲ್ಲ, ಇನ್ನೇನು ಭಯ? ಸುನೀಲ ಕೇಳಿಸಿಕೊಂಡ, ಕುರಿ ಹೊಡೆದುಕೊಂಡು ಹೋದ.

ಆಮೇಲೆ ಬಾಯವ್ವ ಉಗರಗೋಳದಲ್ಲಿ ಕಂಡದ್ದನ್ನು ಚಾಚೂ ತಪ್ಪದೆ ಮಾಡತೊಡಗಿದಳು. ಹಗಲೆಲ್ಲ ಮರಿಗಳನ್ನು ಬೀಳಿಗೆ ಬಿಡುವುದು, ಮೇಯ್ದು ಬಂದ ಮೇಲೆ ಸಣ್ಣ ಸಿವುಡು ಸುಬಾಬುಲ್ ತಪ್ಪಲು, ಜೊತೆಗೆ ಜೋಳದ ಒಣಕಣಿಕೆ. ಒಂದು ಎಲೆ ಹೆಚ್ಚಿಲ್ಲ. ಮಹಾನಂದಾ ಊರಿದ ಗಿಡಗಳು ಹಿತ್ತಲಿನಲ್ಲಿ ಕತ್ತರಿಸಿದಷ್ಟೂ ಚಿಗುರುತ್ತಿದ್ದವು. ಮರಿಗಳು ದುಂಡಗಾದವು, ಊರು ಹೊಗಳಿತು. ಕೈಗುಣ ಎಂಬ ಮಾತು ಹುಟ್ಟಿದ್ದು ಹೀಗೆ.

ಪಂಚಮಿಗೆ ರಾಣಿ ತವರಿಗೆ ಬಂದಳು. ಅವಳಿಗಿಂತ ಮೊದಲು ಕೃಷ್ಣವ್ವನ ಫೋನು ಬಂದಿತ್ತು. ಎಲ್ಲ ಕೆಲಸ ಮಾಡತಾಳ, ದಡ್ಡಿ ಕಡೆ ಮಾತ್ರ ಹಾಯಂಗಿಲ್ಲ, ಕುರಿಗಾರ ಮನಿ ಮಗಳು ಮರಿ ಮುಟ್ಟಂಗಿಲ್ಲ ಅಂದ್ರ ಏನರ್ಥ ಎಂದು. ಬಾಯವ್ವ ಮಗಳು ಉಂಡಿ ತಿನ್ನುವುದನ್ನೂ ಕಾಯದೆ ಕೇಳಿದಳು.

"ಮರಿ ಯಾಕ ಮುಟ್ಟಂಗಿಲ್ಲ ನೀ? ನನ್ನ ಹೆಸರ ಕೆಡಸಾಕ ಹೊಂಟೀದೇನು?"

"ನಮ್ಮತ್ತಿನೂ ಹಿತ್ತಲದಾಗ ಸುಬಾಬುಲ್ ಹಚ್ಯಾಳ, ನಿನ್ನ ನೋಡಿ" ಎಂದಳು ರಾಣಿ. "ನಾಳೆ ಒಂದ ಮರಿ ಉಣ್ಣಿ ಉದುರಿದ್ರ ಯಾರ ಕೈ ಹಿಡದ ಎಳಸತಾಳ?"

"ತಪ್ಪಲ ಹೆಚ್ಚಾಗಿ ಉದರೇತಿ ಅಂತ ಹೇಳು."

"ಯಾರ ನಂಬತಾರ ಯವ್ವಾ? ತಪ್ಪಲದ್ದಲ್ಲ, ಕೈದು ಅಂತ ಮಂದಿ ಮುಂದ ನೀನs ಹೇಳೀದಿ. ನಮ್ಮತ್ತಿ ಬಾಯಾಗ ಅದ ಮಾತ ಐತಿ. ಸೊಸಿನ ಬಿಟ್ಟಕೊಟ್ಟ ಗಟ್ಟಿಗಿತ್ತಿ ಅಂತ ನಿನ್ನ ಹೊಗಳತಾಳ. ನನಗ ಕೇಳೂ ಹಂಗ ಹೊಗಳತಾಳ."

ಬಾಯವ್ವ ಮಗಳ ಕೈಗಳನ್ನು ನೋಡಿದಳು. ಬಳೆ ತುಂಬಿದ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು. ತನ್ನ ಜೀವಮಾನದಲ್ಲಿ ಆಕೆ ನಿಜವಾಗಿ ಹೆದರಿದ್ದು ಆಗಲೇ.

"ಇವತ್ತs ಗುಡಿಗೆ ಹೋಗಿ ಹೇಳು" ಎಂದಳು ರಾಣಿ. "ತಪ್ಪಲದ್ದು ಅನ್ನು. ನಾನs ಕಟ್ಟಿಸಿದ್ದು ಅನ್ನು. ತೊರಗಲ್ಲಿಗೆ ತಾನs ಮುಟ್ಟತೈತಿ. ವೈನಿ ಸಲುವಾಗಿ ಬ್ಯಾಡ, ನನ್ನ ಸಲುವಾಗಿ ಹೇಳು."

"ಮಂದಿ ನನ್ನ ಮಾರಿಗೆ ಉಗಳತಾರ."

"ನನ್ನ ಮಾರಿಗೆ ಉಗಳಿದ್ರ?"

ಅಷ್ಟರಲ್ಲಿ ಬಾಗಿಲಲ್ಲಿ ಆಚೆ ಮನೆಯ ಶಟ್ಟೆವ್ವ ಸೊರಗಿದ ಮರಿಯೊಂದನ್ನು ಎತ್ತಿಕೊಂಡು ನಿಂತಳು. ಅವಳ ಜೊತೆ ಇನ್ನೂ ಇಬ್ಬರು ಹೆಂಗಸರಿದ್ದರು. "ಬಾಯಕ್ಕಾ, ಏನ ಮಾಡಿದ್ರೂ ಎದ್ದ ನಿಂದರವಲ್ದು. ನಿನ್ನ ಕೈಲೆ ಒಂದ ಹಿಡಿ ತಪ್ಪಲ ಹಾಕವಾ. ನನ್ನ ಕೈ ಸುಮಾರ ಐತಿ ಅಂತ ನಮ್ಮತ್ತಿ ಬೈಯಾಕತ್ಯಾಳ" ಎಂದಳು.

ಹೇಳುವುದಿದ್ದರೆ ಇದೇ ಹೊತ್ತು. ಗುಡಿಯವರೆಗೆ ಹೋಗುವುದೂ ಬೇಕಿರಲಿಲ್ಲ, ಓಣಿಗೆ ಸುದ್ದಿ ಹಂಚುವ ಹೆಂಗಸರು ಬಾಗಿಲಿಗೇ ಬಂದಿದ್ದರು. ರಾಣಿ ತಾಯಿಯನ್ನು ನೋಡಿದಳು. ಬಾಯವ್ವ ಶಟ್ಟೆವ್ವನನ್ನು ನೋಡಿದಳು, ಮರಿಯನ್ನು ನೋಡಿದಳು. ಬಾಯೊಳಗಿನ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ತಾ ಇಲ್ಲಿ" ಎಂದು ಎರಡೂ ಕೈ ಚಾಚಿದಳು. "ಎಲ್ಲಾರ ಕೈಗೂ ಬರೂದಲ್ಲ ಇದು."

ರಾಣಿ ತನ್ನ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಒಳಗೆ ಹೋದಳು.